ಕರ್ಜಗಿಗೆ ಹೋದ ಕಂಬಳಿ

ಮೇಡ್ಲೇರಿ
೨ ಡಿಸೆಂಬರ್ ೨೦೨೪

ಯಲ್ಲೇಶಗ ನಿನ್ನ ದೊಡ್ಡವ್ವ ಹೊಳಿಯವ್ವ ಬರೆಯೋದು.

ಫೋನ್ ಬಿಟ್ಟು ಕಾಗದ ಯಾಕ ಬರದಾಳ ಅಂತ ನಗಬ್ಯಾಡ. ಮನಿಯೊಳಗಿನ ಫೋನು ನಿನ್ನ ತಂಗಿ ಸುಶ್ಮಿತಾನ ಕೈಯಾಗ ಇರ್ತೈತಿ. ಅಕಿನ್ನ ಮದಿವಿ ಆಗೋ ಕದರಮಂಡಲಗಿ ಅಳಿಯ ದಿನಕ್ಕ ಎಷ್ಟ ಸಲ ಫೋನ್ ಹಚ್ಚತಾನೋ ಅಲ್ಲಿ ಹನುಮಪ್ಪಗ ಗೊತ್ತು. ಈ ಮಾತು ಅಕಿ ಕಿವಿಗೆ ಬಿದ್ರ ಅವನ ಕಿವಿಗೂ ಬಿತ್ತು, ಬೀಗರ ಕಿವಿಗೂ ಬಿತ್ತು ಅಂತ ತಿಳಿ. ಅದಕ ಬರಿಯಾಕತ್ತೇನಿ. ನೀನೂ ಬರಿ. ಮನಿ ವಿಳಾಸಕ್ಕ ಹಾಕಬ್ಯಾಡ, ಗಿರಿಯಪ್ಪನ ಕಿರಾಣಿ ಅಂಗಡಿಗೆ ಹಾಕು.

ನಮ್ಮ ಗದ್ದಿಗಿ ಕಂಬಳಿ ಎಲ್ಲೈತಿ?

ನೀ ನಿಮ್ಮ ಕಂಪನಿ ಟ್ರಸ್ಟಿನವರನ್ನ ಊರಿಗೆ ಕರಕೊಂಡ ಬಂದಿ. ಕಂಬಳಿ ನೇಯೋ ಊರಾಗ ಗಿರಣಿ ಬ್ಲಾಂಕೆಟ್ ಹಂಚಿದ್ರಿ. ಮಂದಿ ಸೆರಗ ಬಾಯಿಗಿಟ್ಕೊಂಡ ನಕ್ಕರು. ನಾನೂ ನಗತಿದ್ದೆ, ನಿನ್ನ ಮಾರಿ ನೋಡಿ ಸುಮ್ಮನಾದೆ. ಆಮ್ಯಾಲ ನೀ ಓಡಿ ಬಂದು, "ದೊಡ್ಡವ್ವ, ಚೇರಮನ್ರ ಮೇಡಂ ನಮ್ಮ ಮನಿಗೆ ಬರ್ತಾರ, ಇರೋದ್ರಾಗ ಚಲೋ ಕಂಬಳಿ ಹಾಸು, ನನ್ನ ನೌಕರಿ ಕಾಯಂ ಆಗೋದೈತಿ" ಅಂದಿ. ದೇವರ ಜಗಲಿ ಮ್ಯಾಲಿಂದು ತಗದು ಹಾಸಿದೆ. ಕರುಳ ಕೇಳಬೇಕಲ್ಲ, ಮಗಾ ಅಂತ.

ಆ ತಾಯಿ ಚಪ್ಪಲಿ ಬಿಟ್ಟು ಕುಂತಳು, ಅದು ಖರೇ. ಏಳೋ ಮುಂದ ಕೈಯಿಂದ ಸವರಿ "ಇದು ನಮಗಾ?" ಅಂತ ಕೇಳಿದಳು. ಹೋದಲ್ಲೆಲ್ಲಾ ಏನರ ಕೊಟ್ಟ ಕಳಸ್ತಾರ, ಅಕಿ ಕೇಳಿದ್ರಾಗ ತಪ್ಪೇನಿಲ್ಲ. ನಾ ಬಾಯಿ ತೆರಿಯೋದ್ರೊಳಗ ನೀ "ಹೌದ್ರಿ ಮೇಡಂ, ನಿಮಗರಿ" ಅಂದಿ. ಮಡಚಿ ಕಾರಿನ್ಯಾಗ ಇಟ್ಟಾವನೂ ನೀನ.

ನಮ್ಮತ್ತಿ ನೂತದ್ದೋ ಅದು. ಈ ಮನಿಗೆ ಬಂದ ಸೊಸಿ, ಈ ಮನಿ ಬಿಟ್ಟು ಹೋದ ಮಗಳು, ಎಲ್ಲಾರೂ ಅದರ ಮ್ಯಾಲ ಕುಂತು ಅಕ್ಕಿಕಾಳು ಹಾಕಿಸ್ಕೊಂಡಾರ. ನಿನ್ನ ಹಡದಾಕಿನೂ ಅದರ ಮ್ಯಾಲ ಕುಂತಿದ್ದಳು. ಮುಂದಿನ ಫೆಬ್ರವರಿಗೆ ಸುಶ್ಮಿತಾನ ಮದಿವಿ. ಗದ್ದಿಗಿ ಕಂಬಳಿ ಕೈಬಿಟ್ಟ ಮನಿ ಅಂತ ಬೀಗರಿಗೆ ತಿಳದ್ರ ಏನ ತಿಳಕೊಂತಾರ? ನಿಮ್ಮ ದೊಡ್ಡಪ್ಪ ಮಗ್ಗದ ಕುಣಿಯೊಳಗ ಇಳದು ಕುಂತಾನ, ನಿನ್ನ ಹೆಸರ ತಗದ್ರ ಮಾತಾಡಂಗಿಲ್ಲ. ಲಗೂ ತಂದ ಕೊಡು.

ನಿನ್ನ ದೊಡ್ಡವ್ವ
ಹೊಳಿಯವ್ವ

* * *

ಹಾವೇರಿ
೧೧ ಡಿಸೆಂಬರ್ ೨೦೨೪

ದೊಡ್ಡವ್ವನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಆಫೀಸಿನಲ್ಲಿ ಯಾರೂ ಇಲ್ಲದಾಗ ಓದಿದೆ. ಬೈಗುಳದಲ್ಲಿ ನಿನ್ನನ್ನು ಮೀರಿಸುವವರು ರಾಣೇಬೆನ್ನೂರು ತಾಲೂಕಿನಲ್ಲೇ ಇಲ್ಲ ಬಿಡು.

ಕಂಬಳಿ ಎಲ್ಲಿಯೂ ಹೋಗಿಲ್ಲ. ಮೇಡಂ ಅದನ್ನು ತುಂಬ ಮೆಚ್ಚಿದ್ದಾರೆ. ಈಗ ಪುಣೆಯಲ್ಲಿದ್ದಾರೆ, ಬಂದ ಮೇಲೆ ಸಮಯ ನೋಡಿ ಕೇಳುತ್ತೇನೆ. ಕೊಟ್ಟದ್ದನ್ನು ತಿರುಗಿ ಕೇಳುವುದೆಂದರೆ ನಾಲಿಗೆ ಏಳುವುದಿಲ್ಲ ದೊಡ್ಡವ್ವ. ನನ್ನದು ವರ್ಷದ ಕರಾರಿನ ನೌಕರಿ. ಅದನ್ನು ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವವರು ಅವರೇ.

ನೀನು ಬ್ಲಾಂಕೆಟ್ ಒಂದನ್ನೇ ನೋಡಿ ನಗಾಡುತ್ತೀ. ಬ್ಯಾಡಗಿಯ ಮೆಣಸಿನಕಾಯಿ ಪುಡಿ ಮಾರಿ ಬಂದ ಲಾಭದಲ್ಲಿ ಕಂಪನಿ ಒಂದು ಪಾಲು ಟ್ರಸ್ಟಿಗೆ ಎತ್ತಿಡುತ್ತದೆ. ಅದರಿಂದ ಶಾಲೆಗಳಿಗೆ ಕುಡಿಯುವ ನೀರಿನ ಯಂತ್ರ ಬಂದಿದೆ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಕೈಗವಸು ಬಂದಿದೆ. ಮುಂದಿನ ವಾರ ಕರ್ಜಗಿಯಲ್ಲಿ ಕಣ್ಣಿನ ಶಿಬಿರ. ಪೊರೆ ಬಂದ ಮುದುಕರನ್ನು ಮನೆಯಿಂದ ಕರೆತಂದು, ಆಪರೇಷನ್ ಮಾಡಿಸಿ, ಮನೆಗೇ ಬಿಡುತ್ತೇವೆ. ಆ ಫಲಾನುಭವಿಗಳ ಮುಖ ನೀನು ನೋಡಬೇಕು. ಅಲ್ಲಿಗೂ ಮೇಡಂ ಬರುತ್ತಾರೆ.

ಒಂದು ಮಾತು, ಸಿಟ್ಟಾಗಬೇಡ. ದೊಡ್ಡಪ್ಪ ಅಂಥದೇ ಹೊಸದೊಂದನ್ನು ನೇಯಲಿ. ಜಗುಲಿಯ ಮೇಲೆ ಇಟ್ಟು ಪೂಜೆ ಮಾಡಿದರೆ ದೇವರು ಬೇಡ ಅನ್ನುತ್ತಾನೆಯೇ?

ನಿನ್ನ
ಯಲ್ಲೇಶ

* * *

ಮೇಡ್ಲೇರಿ
೧೯ ಡಿಸೆಂಬರ್ ೨೦೨೪

ಯಲ್ಲೇಶಾ,

ಬ್ಯಾಡ ಅನ್ನಾಕಿ ನಾನು. ದೇವರನ್ನ ನಡುವ ತರಬ್ಯಾಡ.

ಹೊಸಾ ಕಂಬಳಿ ಮಾತು ಇನ್ನೊಮ್ಮೆ ಎತ್ತಿದ್ರ ಈ ಮನಿ ಹೊಸ್ತಲಾ ಹತ್ತಬ್ಯಾಡ. ನಿನ್ನ ಮೇಡಂ ಪುಣೆದಾಗರ ಇರಲಿ, ಲಂಕಾದಾಗರ ಇರಲಿ. ಎಲ್ಲಿದ್ರೂ ತಾ, ಹ್ಯಾಂಗರ ತಾ.

ಹೊಳಿಯವ್ವ

* * *

ಹಾವೇರಿ
೬ ಜನವರಿ ೨೦೨೫

ದೊಡ್ಡವ್ವ,

ಕಂಬಳಿಯ ಪತ್ತೆಯಾಯಿತು, ಎದೆಯ ಮೇಲಿನ ಕಲ್ಲು ಇಳಿಸಿಕೋ.

ಟ್ರಸ್ಟಿನ ಹೊಸ ವರ್ಷದ ಕ್ಯಾಲೆಂಡರ್ ಕಟ್ಟುಗಳು ಪ್ರೆಸ್ಸಿನಿಂದ ಬಂದವು. ಮೊದಲ ಹಾಳೆ ತಿರುವಿದರೆ ಕರ್ಜಗಿಯ ಕಣ್ಣಿನ ಶಿಬಿರದ ಫೋಟೊ. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕಿ, ಅವಳ ಹೆಗಲಿಗೆ ಕಂಬಳಿ ಹೊದಿಸುತ್ತಿರುವ ಮೇಡಂ. ಕರಿ ಕಂಬಳಿ, ಅಂಚಿನಲ್ಲಿ ನಮ್ಮ ಬಿಳಿ ಪಟ್ಟಿ. ಶಿಬಿರದ ದಿನ ನಾನು ಬ್ಯಾಡಗಿಯಿಂದ ರೋಗಿಗಳನ್ನು ಕರೆತರಲು ಹೋಗಿದ್ದೆ, ಹಾಗಾಗಿ ನೋಡಿರಲಿಲ್ಲ. ಮುದುಕಿ ಚಳಿಗೆ ನಡುಗುತ್ತಿದ್ದಳಂತೆ, ಮೇಡಂ ಕಾರಿನಲ್ಲಿದ್ದದ್ದನ್ನು ತಂದು ಹೊದಿಸಿದರಂತೆ. ನಮ್ಮ ಡ್ರೈವರ್ ಜಹಾಂಗೀರ ಹೇಳಿದ.

ಅವಳ ಹೆಸರು ಗುಲಾಬಬಿ. ಮನೆ ಗೊತ್ತಾಗಿದೆ. ಮೇಡಂಗೆ ಕೇಳುವ ಗೋಜೇ ತಪ್ಪಿತು. ಎಲ್ಲ ಸುಸೂತ್ರ ಮಾಡುತ್ತೇನೆ, ನೀನು ಮದುವೆಯ ಕೆಲಸ ನೋಡಿಕೋ.

ನಿನ್ನ
ಯಲ್ಲೇಶ

* * *

ಹಾವೇರಿ
೧೭ ಜನವರಿ ೨೦೨೫

ದೊಡ್ಡವ್ವ,

ಸಂತೆಗೆ ಬಂದ ಗಿರಿಯಪ್ಪನ ಟೆಂಪೊದಲ್ಲಿ ಚೀಲ ಕಳಿಸಿದ್ದೇನೆ. ಒಳಗೆ ನಮ್ಮ ಕಂಬಳಿ ಇದೆ. ಮೊದಲಿನ ಜಾಗದಲ್ಲೇ ಇಟ್ಟುಬಿಡು. ಇನ್ನು ಈ ಮಾತು ಬೇಡ.

ಯಲ್ಲೇಶ

* * *

ಮೇಡ್ಲೇರಿ
೨೨ ಜನವರಿ ೨೦೨೫

ಯಲ್ಲೇಶಗ,

ಕಂಬಳಿ ಮುಟ್ಟಿತು. ನಿಮ್ಮ ದೊಡ್ಡಪ್ಪ ಮಗ್ಗದಿಂದ ಎದ್ದು ಬಂದು ಎರಡೂ ಕೈಲೆ ಇಸಗೊಂಡ. ಕಣ್ಣಾಗ ನೀರ ಬಂದವು ಅವಗ. ನನಗೂ ಸಮಾಧಾನ ಆತು.

ಜಗಲಿ ಮ್ಯಾಲ ಇಡಾಕ ಹೋದ್ರ ಅಮೃತಾಂಜನದ ವಾಸನಿ ಬಂತು. ಮಡಿಕಿ ಬಿಚ್ಚಿದೆ. ಒಂದ ಬಿಳಿ ಕೂದಲಾ ಸಿಕ್ತು. ದಿನಾ ಹೊದ್ದ ಕಂಬಳಿ ಮೆತ್ತಗಾಗ್ತೈತಿ, ಅದು ನಮಗ ಗೊತ್ತಾಗಂಗಿಲ್ಲೇನು?

ಆ ಮುದುಕಿ ಕಡೆ ಏನಂತ ಹೇಳಿ ತಂದಿ? ನಿನ್ನ ಕಾಗದದಾಗ ಅದೊಂದು ಬರದಿಲ್ಲ. ಅಕಿಗೆ ಹೊದಿಯಾಕ ಏನ ಕೊಟ್ಟಿ? ಮುಚ್ಚುಮರಿ ಮಾಡಬ್ಯಾಡ, ಇದ್ದಂಗ ಬರಿ.

ಹೊಳಿಯವ್ವ

* * *

ಕರ್ಜಗಿ
೨೪ ಜನವರಿ ೨೦೨೫

ಟ್ರಸ್ಟಿನ ಸಂಯೋಜಕರಿಗೆ,

ಮಾನ್ಯರೇ, ನಾನು ಗುಲಾಬಬಿಯವರ ಮೊಮ್ಮಗಳು ತರನ್ನುಮ. ಹಾವೇರಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ನೀವು ನಮ್ಮ ಮನೆಗೆ ಬಂದ ದಿನ ನಾನು ಕಾಲೇಜಿನಲ್ಲಿದ್ದೆ. ನಿಮ್ಮ ಫೋನ್ ನಂಬರ್ ನಮ್ಮಲ್ಲಿಲ್ಲ, ಕ್ಯಾಲೆಂಡರಿನ ಕೆಳಗಿದ್ದ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿಗೆ ಕೊಟ್ಟ ಕಂಬಳಿಯನ್ನು ವಾಪಸ್ ತೆಗೆದುಕೊಳ್ಳಲು ಕಾರಣವೇನೆಂದು ತಿಳಿಸಬೇಕಾಗಿ ವಿನಂತಿ. ಅಜ್ಜಿ ಕೇಳಿ ಪಡೆದದ್ದಲ್ಲ ಅದು. ಮೇಡಂ ತಾವಾಗಿಯೇ ಹೊದಿಸಿದ್ದರು. ನೀವು ಆಫೀಸಿನ ಆರ್ಡರ್ ಎಂದು ಹೇಳಿ, ಕೆಂಪು ಬ್ಲಾಂಕೆಟ್ ಇಟ್ಟು, ಕಂಬಳಿ ಒಯ್ದಿರಂತೆ. ಆ ಬ್ಲಾಂಕೆಟನ್ನು ಅಜ್ಜಿ ಬಿಚ್ಚಿಯೇ ಇಲ್ಲ. ಅದನ್ನೂ ಕೇಳಲು ಬರುತ್ತಾರೆ, ಕವರ್ ಹರಿಯಬೇಡ ಎನ್ನುತ್ತಾಳೆ.

ಊರಿನಲ್ಲಿ ಏನೇನೋ ಮಾತು ಹುಟ್ಟಿದೆ. ಅಜ್ಜಿಗೆ ಹೊಲ ಇದ್ದದ್ದನ್ನು ಮುಚ್ಚಿಟ್ಟಿದ್ದಳು, ಅದಕ್ಕೇ ಕಂಪನಿಯವರು ಕಸಿದುಕೊಂಡರು ಎನ್ನುತ್ತಾರೆ. ನಮಗೆ ಹೊಲ ಇಲ್ಲ ಸರ್. ನಿಮ್ಮ ಕ್ಯಾಲೆಂಡರ್ ಇಲ್ಲಿ ಎಲ್ಲ ಅಂಗಡಿಗಳಲ್ಲೂ ತೂಗುತ್ತಿದೆ. "ಕ್ಯಾಲೆಂಡರದಾಗ ಐತಿ, ಮೈಮ್ಯಾಲ ಎಲ್ಲೈತಿ ಗುಲಾಬಬಿ?" ಎಂದು ಒಬ್ಬರು ಕೇಳಿದ ಮೇಲೆ ಅಜ್ಜಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾಳೆ.

ಇನ್ನೊಂದು ಕಣ್ಣಿನ ಆಪರೇಷನ್‌ಗೆ ನೀವು ಮಾರ್ಚಿನಲ್ಲಿ ಕರೆದಿದ್ದೀರಿ. ಆ ಕಣ್ಣಿನಲ್ಲಿ ಈಗ ಏನೂ ಕಾಣುವುದಿಲ್ಲ. ಅಜ್ಜಿ ಬರುವುದಿಲ್ಲ ಎನ್ನುತ್ತಿದ್ದಾಳೆ. "ಕಂಬಳಿ ಕೇಳಿದ್ರು, ಕೊಟ್ಟೆ. ನಾಳೆ ಕಣ್ಣ ತಿರುಗಿ ಕೇಳಿದ್ರ ಏನ ಕೊಡ್ಲಿ?" ಎನ್ನುತ್ತಾಳೆ. ನಾನು ನಕ್ಕೆ, ಅವಳು ನಗಲಿಲ್ಲ.

ನಮ್ಮಿಂದ ತಪ್ಪಾಗಿದ್ದರೆ ದಯವಿಟ್ಟು ಬರೆದು ತಿಳಿಸಿ. ಅದನ್ನು ಅಜ್ಜಿಗೆ ಓದಿ ಹೇಳುತ್ತೇನೆ.

ತಮ್ಮ ವಿಶ್ವಾಸಿ
ತರನ್ನುಮ

* * *

ಹಾವೇರಿ
೨೯ ಜನವರಿ ೨೦೨೫

ದೊಡ್ಡವ್ವ,

ಇದ್ದಂಗ ಬರಿ ಅಂದಿದ್ದೀ, ಬರೆಯುತ್ತೇನೆ. ಇದರ ಜೊತೆಗಿರುವ ಕಾಗದವನ್ನು ಮೊದಲು ಓದು. ಗುಲಾಬಬಿಯ ಮೊಮ್ಮಗಳು ಬರೆದದ್ದು. ಟಪಾಲು ಮೊದಲು ನನ್ನ ಕೈಗೆ ಬರುತ್ತದೆ, ಹಾಗಾಗಿ ಆಫೀಸಿನಲ್ಲಿ ಬೇರೆ ಯಾರೂ ಓದಿಲ್ಲ. ಸದ್ಯ ಬಚಾವಾದೆ ಎಂದು ಮೊದಲು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಾನು ಕರ್ಜಗಿಗೆ ಆಫೀಸಿನ ಗಾಡಿಯಲ್ಲೇ ಹೋದೆ. ಅವಳು ಅಂಗಳದಲ್ಲಿ ಕಂಬಳಿ ಹೊದ್ದು ಬಿಸಿಲಿಗೆ ಕುಳಿತಿದ್ದಳು. ಗಾಡಿ ನೋಡಿ, "ಬರ್ರಿ ಸಾಹೇಬ್ರ, ಕುಂದ್ರಿ, ನಿಮ್ಮಿಂದ ಕಣ್ಣ ಬಂತು" ಎಂದು ಎದ್ದು ನಿಂತಳು. ಒಳಗಿನಿಂದ ಕುರ್ಚಿ ತರಿಸಿದಳು. ಗಾಡಿ ಬಂತೆಂದು ಅಕ್ಕಪಕ್ಕದವರೂ ಸೇರಿದರು. ಈ ಕಂಬಳಿ ನಮ್ಮ ಮನೆಯ ಗದ್ದಿಗೆಯದು, ನೌಕರಿಯ ಆಸೆಗೆ ನಾನೇ ದಾನ ಮಾಡಿಬಿಟ್ಟೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟು ಮಂದಿಯ ಮುಂದೆ ಸಣ್ಣವನಾಗಲು ಮನಸ್ಸು ಬರಲಿಲ್ಲ. "ಇದು ತಪ್ಪಿ ಬಂದೈತಿ ಅಜ್ಜಿ, ಆಫೀಸಿನ ಆರ್ಡರ್ ಐತಿ, ಇದನ್ನ ಕೊಟ್ಟು ಹೊಸಾದು ತಗೋರಿ" ಅಂದೆ.

ಅವಳು ಕಂಬಳಿಯನ್ನು ಮೈಮೇಲಿಂದ ತೆಗೆದಳು, ಧೂಳು ಜಾಡಿಸಿದಳು, ನಾಲ್ಕು ಮೂಲೆ ಕೂಡಿಸಿ ಮಡಚಿದಳು. ಕೊಡುವಾಗ ಕೇಳಿದಳು: "ನಾ ಏನರ ತಪ್ಪ ಮಾಡೀನೇನ್ರಿ ಸಾಹೇಬ್ರ?"

ಇಲ್ಲ ಅನ್ನಬಹುದಿತ್ತು ದೊಡ್ಡವ್ವ. ಇಲ್ಲ ಎನ್ನುವುದಕ್ಕೆ ಏನು ಖರ್ಚಿತ್ತು? ನಾನು ಬ್ಲಾಂಕೆಟನ್ನು ಕುರ್ಚಿಯ ಮೇಲೆ ಇಟ್ಟು ಗಾಡಿ ಹತ್ತಿದೆ. 

ಆಫೀಸಿನ ಗೋಡೆಯ ಮೇಲೆ ಅವಳ ಫೋಟೊ ಇದೆ. ನನ್ನ ಕುರ್ಚಿಯನ್ನು ಈ ಕಡೆ ತಿರುಗಿಸಿಕೊಂಡು ಕೂಡುತ್ತಿದ್ದೇನೆ. ಆ ಹುಡುಗಿಗೆ ಏನೆಂದು ಉತ್ತರ ಬರೆಯಲಿ?

ಯಲ್ಲೇಶ

* * *

ಮೇಡ್ಲೇರಿ
೩ ಫೆಬ್ರವರಿ ೨೦೨೫

ಯಲ್ಲೇಶಾ,

ನಿನ್ನ ಕಾಗದ ಗಿರಿಯಪ್ಪನ ಅಂಗಡಿ ಕಟ್ಟಿ ಮ್ಯಾಲ ಓದಿದೆ. 

ಮುದುಕಿ ಮೈಮ್ಯಾಲಿಂದ ಎಳಕೊಂಡ ಬಂದ ಕಂಬಳಿ ಹಾಸಿ ನನ್ನ ಮಗಳನ್ನ ಕುಂದ್ರಸಲೇನು? ಹೊದಿಸಿದಾಕಿ ನಿಮ್ಮ ಮೇಡಂ ಇರಬಹುದು. ಹೊದ್ಕೊಂಡ ಮ್ಯಾಲ ಅದು ಅಕಿದ ಆತು. ಇಷ್ಟ ತಿಳೀಲಿಲ್ಲಲ್ಲೋ ನಿನಗ. ನಿನ್ನನ್ನ ಸಾಕಿದ್ದು ನಾವ ಅಂತ ಮಂದಿ ಮುಂದ ಹೇಳಾಕ ನಾಚಿಕಿ ಆಗ್ತೈತಿ.

ನಾನೂ ಕಡಿಮಿ ಇಲ್ಲ. ಹ್ಯಾಂಗರ ತಾ ಅಂತ ಬರದಾಕಿ ನಾನ. ಬೀಗರ ಬಾಯಿಗೆ ಅಂಜಿದೆ. ಇವತ್ತ ಸುಶ್ಮಿತಾನ ಕರದು ಎಲ್ಲಾ ಹೇಳಿದೆ. ಅಕಿ ಅಳಿಯಗ ಹೇಳಿದಳು. ಅವ ಏನಂದ ಗೊತ್ತೇನು? "ಕಂಬಳಿ ಇರಲಿ ಬಿಡ್ರಿ ಅತ್ತಿ, ಆ ಅಜ್ಜಿ ಕಣ್ಣಿನ ಗತಿ ಏನು?" ಅಂತ ಕೇಳಿದ. ಇಷ್ಟ ದಿನ ಸುಮ್ಕ ಮುಚ್ಚಿಟ್ಕೊಂಡ ಸತ್ತೆ.

ನೀ ಆ ಹುಡಿಗೀಗೆ ಏನೂ ಬರಿಬ್ಯಾಡ. ನೀ ಬರದದ್ದನ್ನ ಯಾರು ನಂಬಬೇಕು? ನಾ ಹೋಗ್ತೇನಿ. ನೀ ಬರಬ್ಯಾಡ. ಗಾಡಿ ಅಂತೂ ಕಳಸಬ್ಯಾಡ, ಬಸ್ಸಿಗೆ ಹೋಗ್ತೇನಿ.

ಹೊಳಿಯವ್ವ

* * *

ಕರ್ಜಗಿ
೧೦ ಫೆಬ್ರವರಿ ೨೦೨೫

ಯಲ್ಲೇಶ ಅವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ, ನಿಮ್ಮ ದೊಡ್ಡವ್ವ ಬಂದರು. ನಿಮಗೆ ಬರೆದು ತಿಳಿಸು ಎಂದು ಅಜ್ಜಿ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ಇಲ್ಲೇ ನಿಂತು ಹೇಳ್ತೇನಿ, ಎಲ್ಲಾರೂ ಕೇಳಲಿ" ಎಂದು ದೊಡ್ಡ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಕಂಬಳಿ ಯಾರದು, ಮೇಡಂ ಕೈಗೆ ಹೇಗೆ ಹೋಯಿತು, ನೀವು ಯಾಕೆ ಒಯ್ದಿರಿ, ನೀವು ಅವರಿಗೆ ಏನಾಗಬೇಕು ಎಂಬುದನ್ನೂ ಬಿಡಲಿಲ್ಲ. "ಗುಲಾಬಬಿದು ಏನೂ ತಪ್ಪಿಲ್ಲ, ತಪ್ಪು ನಮ್ಮ ಮನಿದು" ಎಂದರು. 

ಆಮೇಲೆ ಕಂಬಳಿಯನ್ನು ಅಜ್ಜಿಯ ಕೈಗೆ ಕೊಡಲು ಹೋದರು. ಅಜ್ಜಿ ಕೈ ಹಿಂದೆಗೆದುಕೊಂಡಳು. "ಬ್ಯಾಡವ್ವ. ಒಮ್ಮೆ ಕೊಟ್ಟೆ. ಇನ್ನೊಮ್ಮೆ ಯಾರರ ಕೇಳಾಕ ಬಂದ್ರ ನನ್ನ ಕೈಲೆ ಕೊಡೋದಾಗಂಗಿಲ್ಲ" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಅಬ್ಬಾ ತೀರಿಕೊಂಡ ದಿನ ಬಿಟ್ಟರೆ ನೋಡಿರಲಿಲ್ಲ. ಕಣ್ಣಿಗೆ ಆಪರೇಷನ್ ಆಗಿದೆ, ಅಳಬಾರದು ಎಂದು ನಾನು ಬೈದೆ.

ನಿಮ್ಮ ದೊಡ್ಡವ್ವ ಅಜ್ಜಿಯ ಪಕ್ಕ ಕುಳಿತು ಕಂಬಳಿಯನ್ನು ಮಡಚಿದರು. ಹೋಗುತ್ತಾರೇನೋ ಅಂದುಕೊಂಡೆ. ಕೊನೆಗೆ ಕಂಬಳಿಯನ್ನು ಅಜ್ಜಿಯ ತೊಡೆಯ ಮೇಲೆ ಇಟ್ಟು, "ಅಕ್ಕಾ, ಇದು ನಿಂದು. ನನ್ನ ಮಗಳ ಮದಿವಿ ಐತಿ. ಹಾಸಾಕ ನಮ್ಮ ಮನ್ಯಾಗ ಕಂಬಳಿ ಇಲ್ಲ. ನಿಂದು ಎರವು ಕೊಡ್ತೀಯೇನು?" ಎಂದರು.

ಅಜ್ಜಿ ಕಣ್ಣು ಒರೆಸಿಕೊಂಡು ಅವರ ಮುಖ ನೋಡಿದಳು. ಎರವು ಕೇಳಲು ನಮ್ಮ ಮನೆಗೆ ಯಾರು ಬರುತ್ತಾರೆ? ನಾವೇ ಎಲ್ಲರ ಮನೆಗೆ ಹೋಗುವವರು. "ಯಾವಾಗ ತಿರುಗಿ ಕೊಡ್ತೀ?" ಎಂದು ಕೇಳಿದಳು. "ಮದಿವಿ ಮುಗದ ಕೂಡಲೇ" ಎಂದರು ನಿಮ್ಮ ದೊಡ್ಡವ್ವ. "ಎಣ್ಣಿ ಅರಿಷಿಣ ಹತ್ತಬಾರದು ನೋಡವಾ, ಉಣ್ಣಿಗೆ ಹತ್ತಿದ್ರ ಹೋಗಂಗಿಲ್ಲ" ಎಂದಳು ಅಜ್ಜಿ. ಕಂಬಳಿ ನೇಯುವವರಿಗೇ ಕಂಬಳಿಯ ಬುದ್ಧಿ ಹೇಳುತ್ತಾಳೆ ಎಂದು ನನಗೆ ನಗು ಬಂತು. ನಿಮ್ಮ ದೊಡ್ಡವ್ವ ತಲೆಬಾಗಿಸಿ "ಹೂಂ" ಎಂದರು.

ಆ ಮೇಲೆ ಇಬ್ಬರೂ ಕೂಡಿ ಚಹಾ ಕುಡಿದರು. ಅಜ್ಜಿ ಅವರನ್ನು ಬಸ್ಸಿನವರೆಗೆ ಕಳಿಸಿ ಬಂದಳು. ಹದಿನೈದು ದಿನದಲ್ಲಿ ಮೊದಲ ಸಲ ಅಂಗಡಿಗಳ ಮುಂದೆ ನಡೆದು ಹೋದಳು.

ನಿಮಗೆ ಅಜ್ಜಿ ಹೇಳಿಕಳಿಸಿದ ಮಾತು ಇಷ್ಟೇ. ಕಂಬಳಿ ತಿರುಗಿ ತರುವವರು ನೀವೇ ಆಗಿರಬೇಕಂತೆ. ಗಾಡಿಯಲ್ಲಿ ಬರಬಾರದಂತೆ.

ತರನ್ನುಮ

* * *

ಹಾವೇರಿ
೧ ಮಾರ್ಚ್ ೨೦೨೫

ದೊಡ್ಡವ್ವ,

ಫೋನಿನಲ್ಲಿ ಹೇಳಲು ಎರಡು ಸಲ ಹಚ್ಚಿ ಕಟ್ ಮಾಡಿದೆ. ಸೋಮವಾರದೊಳಗೆ ನಿನಗೆ ಮುಟ್ಟಲೆಂದು ಈ ಕಾಗದವನ್ನು ಗಿರಿಯಪ್ಪನ ಟೆಂಪೊದಲ್ಲಿ ಕಳಿಸುತ್ತಿದ್ದೇನೆ.

ಮದುವೆಯಲ್ಲಿ ನಾನು ಪಂಕ್ತಿಯಲ್ಲಿ ಬಡಿಸುತ್ತ ದೂರವೇ ಉಳಿದದ್ದನ್ನು ನೀನು ನೋಡಿದ್ದೀ. ಸುಶ್ಮಿತಾ ಆ ಕಂಬಳಿಯ ಮೇಲೆ ಕುಳಿತಾಗ ದೊಡ್ಡಪ್ಪ ನನ್ನ ಕೈಗೂ ಅಕ್ಕಿಕಾಳು ಕೊಟ್ಟ. ಹಾಕುವಾಗ ತಲೆ ಎತ್ತಲಾಗಲಿಲ್ಲ.

ಮೇಡಂಗೆ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. "ಇದು ನಮಗಾ ಅಂತ ನಾನು ಕೇಳಿದ್ದೆನಲ್ಲ ಯಲ್ಲೇಶ" ಎಂದಷ್ಟೇ ಹೇಳಿ ಫೋನ್ ಇಟ್ಟರು. ಮರುದಿನ ಆಫೀಸಿನ ಗೋಡೆಯ ಕ್ಯಾಲೆಂಡರ್ ತೆಗೆಸಿದರು. ನನ್ನ ಕರಾರಿನ ಬಗ್ಗೆ ಯಾರೂ ಏನೂ ಹೇಳಿಲ್ಲ, ನಾನೂ ಕೇಳಿಲ್ಲ.

ಮೊನ್ನೆ ಗುರುವಾರ ಕರ್ಜಗಿಗೆ ಹೋದೆ. ಬಸ್ಸಿಳಿದು ಕಂಬಳಿಯನ್ನು ಚೀಲದಿಂದ ತೆಗೆದು ಹೆಗಲ ಮೇಲೆ ಹಾಕಿಕೊಂಡೆ. ಚಹಾದ ಅಂಗಡಿಯ ಮುಂದೆ ಒಬ್ಬ, "ಏನ್ರಿ ಸರ, ಮತ್ತೇನರ ಒಯ್ಯಾಕ ಬಂದೀರೇನು?" ಎಂದು ಕೇಳಿದ. ಉಳಿದವರು ನಕ್ಕರು. "ಇಲ್ರಿ, ಗುಲಾಬಬಿ ಅಜ್ಜಿಯವರ ಕಂಬಳಿ ಎರವು ತಂದಿದ್ವಿ, ತಿರುಗಿ ಕೊಡಾಕ ಬಂದೇನಿ" ಅಂದೆ. ದನಿ ಸಣ್ಣದಾಗಿತ್ತು. "ಕೇಳಸ್ಲಿಲ್ಲ" ಅಂದ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಆ ಓಣಿ ಅಷ್ಟು ಉದ್ದ ಇದೆಯೆಂದು ಗಾಡಿಯಲ್ಲಿ ಹೋದಾಗ ಗೊತ್ತಾಗಿರಲಿಲ್ಲ.

ಅವಳು ಕಂಬಳಿಯನ್ನು ಬಿಚ್ಚಿ ಬಿಸಿಲಿಗೆ ಹಿಡಿದು ಎರಡೂ ಮಗ್ಗುಲು ನೋಡಿದಳು. "ಸರಿ ಐತಿ" ಎಂದಳು. ಕುರ್ಚಿ ಹಾಕಲಿಲ್ಲ. ಸುಶ್ಮಿತಾನ ಬಗ್ಗೆ ಕೇಳಿದಳು, ನಿನ್ನ ಮಂಡಿ ನೋವಿನ ಬಗ್ಗೆ ಕೇಳಿದಳು. ನಾನು ಕಾಲು ಹಿಡಿಯಲು ಬಾಗಿದರೆ, "ಬ್ಯಾಡ, ಏಳಪಾ" ಎಂದು ಹಿಂದೆ ಸರಿದಳು. ನಿಮ್ಮಿಂದ ಏನೂ ತಪ್ಪಾಗಿರಲಿಲ್ಲ ಅಜ್ಜಿ ಎಂದೆ. ಅಂದು ಹೇಳಬೇಕಾದದ್ದು. "ನನಗ ಗೊತ್ತಿತ್ತು. ಮಂದೀ ಮುಂದ ನೀ ಅನಬೇಕಿತ್ತು" ಎಂದಳು.

ಕಣ್ಣಿನ ಆಪರೇಷನ್‌ಗೆ ಸೋಮವಾರ ಬರುತ್ತೀರಾ ಎಂದು ಕೇಳಿದೆ. ಅವಳು ಕಂಬಳಿ ಮಡಚುತ್ತ ಕುಳಿತಳು. ರಂಜಾನ್ ತಿಂಗಳ ರೋಜಾ ಹಿಡಿಯೋದೈತಿ, ಮುಂದೂಡಬಹುದೇನು ಎಂದು ತರನ್ನುಮ ಕೇಳಿದಳು. ಕಣ್ಣಿನ ಕೆಲಸ, ಡಾಕ್ಟರು ತಡ ಬೇಡ ಅಂದಿದ್ದಾರೆ ಎಂದೆ. ಕೊನೆಗೆ ಅಜ್ಜಿ, "ಬರ್ತೇನಿ. ನಿನ್ನ ಜೋಡಿ ಅಲ್ಲ. ಹೊಳಿಯವ್ವ ಬಂದ್ರ ಅಕಿ ಜೋಡಿ ಬರ್ತೇನಿ" ಎಂದಳು.

ಈ ಜಿಲ್ಲೆಯ ಎಷ್ಟೋ ಮುದುಕರನ್ನು ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ್ದೇನೆ. ಅದೇ ನನ್ನ ಕೆಲಸ. ಅವಳಿಗೆ ಮಾತ್ರ ನನ್ನ ಕೈ ಬೇಡ.

ಸೋಮವಾರ ಬೆಳಿಗ್ಗೆ ಜಹಾಂಗೀರ ಗಾಡಿ ತಂದು ನಿನ್ನನ್ನು ಹತ್ತಿಸಿಕೊಳ್ಳುತ್ತಾನೆ. ಅಲ್ಲಿಂದ ಕರ್ಜಗಿಗೆ ಹೋಗಿ ಅವಳನ್ನು ಕರೆದುಕೋ. ಗಾಡಿ ನೋಡಿ ಅಂಜಿದರೆ, ಒಳಗೆ ನಾನು ಇಲ್ಲವೆಂದು ಹೇಳು.

ಯಲ್ಲೇಶ